ಎಲೆ ಇಟ್ಟುಕೊಂಡವನೆಲ್ಲ ಜೂಜುಕೋರನೇ?

ಮಳವಳ್ಳಿ ಪೇಟೆಯ ಒಂದು ಮನೆಗೆ ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಕಾಫಿಯೂ ಆಯಿತು. ಜಾತಕ ಕೂಡಿತ್ತು, ಹುಡುಗಿ ಒಪ್ಪಿಗೆಯಾಗಿದ್ದಳು. ಇನ್ನೇನು ತಾಂಬೂಲದ ಮಾತು ಎತ್ತಬೇಕು ಅನ್ನುವ ಹೊತ್ತಿಗೆ ಗಂಡಿನ ಸೋದರಮಾವ ಕೈತೊಳೆಯಲೆಂದು ಒಳಕ್ಕೆ ಹೋದರು. ನಡುಮನೆಯಲ್ಲಿ ಒಂದು ಗಾಜಿನ ಬೀರು. ಅದರಲ್ಲಿ ಬೆಳ್ಳಿ ಲೋಟ, ಬೊಂಬೆ, ಕಪ್ಪುಗಳು ಇರಬೇಕಿತ್ತು. ಇದ್ದದ್ದು ಇಸ್ಪೀಟ್ ಪ್ಯಾಕುಗಳು! ಒಂದೋ ಎರಡೋ ಅಲ್ಲ ಸ್ವಾಮಿ, ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು, ನೂರಕ್ಕೂ ಮಿಕ್ಕಿ.

ಸೋದರಮಾವ ಹೊರಗೆ ಬಂದು ಹಿರಿಯರ ಕಿವಿಯಲ್ಲಿ ಏನೋ ಊದಿದರು. "ಊರಿಗೆ ಹೋಗಿ ಫೋನ್ ಮಾಡ್ತೀವಿ" ಎಂದು ಎದ್ದವರು ಫೋನ್ ಮಾಡಲಿಲ್ಲ. ಮೂರನೇ ದಿನಕ್ಕೆ ನಡುವಿನವನ ಬಾಯಲ್ಲಿ ಸುದ್ದಿ ಬಂತು: "ಎಲೆ ಆಡೋರ ಮನೆ ಸಂಬಂಧ ಬ್ಯಾಡ ಅಂದ್ರು ಕಣ್ರೀ."

ಆ ಮನೆಯ ಯಜಮಾನರು ಜನ್ಮದಲ್ಲಿ ಒಂದು ರೂಪಾಯಿ ಕಟ್ಟಿ ಎಲೆ ಆಡಿದವರಲ್ಲ. ಸಾರಿಗೆ ಬಸ್ಸಿನ ನಿವೃತ್ತ ಕಂಡಕ್ಟರು. ಮಂಡ್ಯ, ಮದ್ದೂರು, ಮಳವಳ್ಳಿ ಲೈನಿನಲ್ಲಿ ವರ್ಷಗಟ್ಟಲೆ ಚರ್ಮದ ಬ್ಯಾಗು ನೇತುಹಾಕಿಕೊಂಡು "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ" ಎಂದು ಗಂಟಲು ಹರಿದುಕೊಂಡವರು. ಅವರಿಗಿರುವುದು ಒಂದೇ ಚಟ. ಯಾವ ಊರಿಗೆ ಹೋದರೂ ಅಲ್ಲಿಯ ಒಂದು ಪ್ಯಾಕು ಇಸ್ಪೀಟು ಕೊಂಡು ತರುವುದು. ಆಡಲಿಕ್ಕಲ್ಲ, ಇಟ್ಟುಕೊಳ್ಳಲಿಕ್ಕೆ. ತಿರುಪತಿಗೆ ಹೋದವರು ಲಾಡು ತರುತ್ತಾರೆ, ಕಾಶಿಗೆ ಹೋದವರು ದಾರ ತರುತ್ತಾರೆ, ಚನ್ನಪಟ್ಟಣದಲ್ಲಿ ಇಳಿದವರು ಬೊಂಬೆ ತರುತ್ತಾರೆ. ಇವರು ಎಲೆ ತರುತ್ತಾರೆ. "ಜೇಬಲ್ಲಿ ಹಿಡಿಸ್ತದೆ, ಹಳಸಾಕಿಲ್ಲ, ಒಡೆಯಾಕಿಲ್ಲ, ಬೆಲೆನೂ ಕಮ್ಮಿ. ಇನ್ನೇನ್ ಬೇಕು?" ಇದು ಅವರ ವಾದ. ಇದಕ್ಕೆ ಎದುರು ಹೇಳುವುದು ಕಷ್ಟವೇ.

ಊರಿನವರು ನಗುತ್ತಾರೆ. ಆದರೆ ಲೋಕದಲ್ಲಿ ಈ ಹುಚ್ಚು ಹಿಡಿದವರು ಇವರೊಬ್ಬರೇ ಅಲ್ಲ. ಎಲೆ ಸಂಗ್ರಹಿಸುವವರ ಅಂತರರಾಷ್ಟ್ರೀಯ ಸಂಘವೊಂದು 1972ರಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿತು. ಬೆಲ್ಜಿಯಂ ದೇಶದ ಟರ್ನ್‌ಹೌಟ್ ಎಂಬ ಊರು ಇಸ್ಪೀಟ್ ಅಚ್ಚು ಹಾಕಿಯೇ ಹೆಸರು ಮಾಡಿದ್ದು. ಅಲ್ಲಿ ಎಲೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಕಟ್ಟಿಸಿದ್ದಾರೆ. ನಮ್ಮ ಏರ್ ಇಂಡಿಯಾ ವಿಮಾನದವರು ಒಂದು ಕಾಲಕ್ಕೆ ಮೀಸೆ ಮಹಾರಾಜನ ಚಿತ್ರವಿದ್ದ ಪ್ಯಾಕು ಕೊಡುತ್ತಿದ್ದರು. ಇವತ್ತು ಅದನ್ನು ಹುಡುಕಿಕೊಂಡು ಅಲೆಯುವವರಿದ್ದಾರೆ. ಕಂಡಕ್ಟರ ಬೀರುವಿನಲ್ಲೂ ಒಂದಿದೆ. ಅವರು ವಿಮಾನ ಹತ್ತಿ ತಂದದ್ದಲ್ಲ ಅದು. ಹಳೇ ಪೇಪರ್ ಅಂಗಡಿಯ ರಾಶಿಯಲ್ಲಿ ಸಿಕ್ಕಿದ್ದು.

ಒಂದು ಪ್ಯಾಕಿನ ನಡುವೆ ಮೊಳೆ ಹೊಡೆದ ಹಾಗೆ ತೂತಿದೆ. ಇದ್ಯಾಕೆ ಹಾಳಾಗಿದೆ ಎಂದು ಕೇಳಿದರೆ ಹುಮ್ಮಸ್ಸಿನಿಂದ ವಿವರಿಸುತ್ತಾರೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಜೂಜಿನ ಮಹಲುಗಳಿವೆ. ಅಲ್ಲಿ ಒಮ್ಮೆ ಬಳಸಿದ ಎಲೆಯನ್ನು ಯಾರೂ ಮತ್ತೆ ಮೇಜಿನ ಮೇಲೆ ತಂದು ಮೋಸ ಮಾಡಬಾರದೆಂದು ತೂತು ಹೊಡೆದೋ ಮೂಲೆ ಕತ್ತರಿಸಿಯೋ ನೆನಪಿನ ಕಾಣಿಕೆಯಾಗಿ ಮಾರಿಬಿಡುತ್ತಾರಂತೆ. ಸಾಫ್ಟ್‌ವೇರ್ ಕೆಲಸದ ನೆಂಟರ ಹುಡುಗ ತಂದುಕೊಟ್ಟದ್ದು. ನೋಡಿ, ಜೂಜಿಗೆಂದೇ ಹುಟ್ಟಿದ ಊರಿನಲ್ಲೂ ಆಡುವ ಎಲೆ ಬೇರೆ, ಇಟ್ಟುಕೊಳ್ಳುವ ಎಲೆ ಬೇರೆ ಎಂಬ ವಿವೇಕವಿದೆ.

ಎಲೆಯನ್ನು ಕಟ್ಟೆಯ ಮೇಲೆ ಬಡಿಯುವವನಿಗೆ ಕಾಣದ್ದು ಇಟ್ಟುಕೊಳ್ಳುವವನಿಗೆ ಕಾಣುತ್ತದೆ. ಮನೆಯಲ್ಲಿ ಹಳೇ ಪ್ಯಾಕಿದ್ದರೆ ಈ ಸಂಜೆ ತೆಗೆದು ನೋಡಿ. ನಾಲ್ಕು ರಾಜರಲ್ಲಿ ಮೂವರಿಗೆ ಮೀಸೆಯಿದೆ, ಆಟೀನು ರಾಜನಿಗೆ ಮಾತ್ರ ಇಲ್ಲ. ನಾಲ್ಕು ಗುಲಾಮರಲ್ಲಿ ಇಬ್ಬರು ಒಂದೇ ಕಣ್ಣು ತೋರಿಸುತ್ತಾರೆ. ಇಸ್ಪೀಟಿನ ಎಕ್ಕಕ್ಕೆ ಮಾತ್ರ ಯಾಕಪ್ಪಾ ಅಷ್ಟು ದೊಡ್ಡ ಬಳ್ಳಿ, ಅಲಂಕಾರ, ಕಂಪನಿಯ ಹೆಸರು? ಅದು ತೆರಿಗೆಯ ಕಥೆ. ಇಂಗ್ಲೆಂಡಿನ ಸರ್ಕಾರ ಒಂದೊಂದು ಪ್ಯಾಕಿಗೂ ಸುಂಕ ಹಾಕುತ್ತಿತ್ತು. ಸುಂಕ ಕಟ್ಟಿದ್ದಕ್ಕೆ ಗುರುತಾಗಿ ಇಸ್ಪೀಟಿನ ಎಕ್ಕದ ಮೇಲೆ ಮುದ್ರೆ ಬೀಳುತ್ತಿತ್ತು. ಕಳ್ಳ ಎಕ್ಕ ಅಚ್ಚು ಹಾಕಬಾರದೆಂದು ಚಿತ್ರವನ್ನು ಬೇಕೆಂದೇ ಜಟಿಲ ಮಾಡಿದರು. 1960ರಲ್ಲಿ ಆ ಸುಂಕವೇ ಹೋಯಿತು. ಬಳ್ಳಿ ಮಾತ್ರ ಉಳಿಯಿತು, ನಮ್ಮಲ್ಲಿ ಎಷ್ಟೋ ಕಾನೂನು ಹೋದ ಮೇಲೂ ಫಾರಂ ಉಳಿದಿರುವ ಹಾಗೆ.

ಇನ್ನೂ ಒಂದು. ನಮ್ಮ ಅಜ್ಜಂದಿರು 'ಆಟೀನು', 'ಕಳಾವರು' ಎನ್ನುತ್ತಿದ್ದರಲ್ಲ, ಅವು ಇಂಗ್ಲಿಷ್ ಮಾತು ಕೆಟ್ಟು ಆದದ್ದು ಎಂದು ಕಾಲೇಜು ಹುಡುಗರು ನಗುತ್ತಾರೆ. ಹಾಲೆಂಡಿನವರು ಇವತ್ತಿಗೂ ಕೆಂಪು ಹೃದಯದ ಎಲೆಗೆ 'ಹಾರ್ಟನ್' ಎಂದೂ ಮೂರು ದಳದ ಎಲೆಗೆ 'ಕ್ಲಾವರ್' ಎಂದೂ ಹೇಳುತ್ತಾರೆ. ಆ ಡಚ್ಚರು 1663ರಿಂದ 1795ರವರೆಗೆ ಕೊಚ್ಚಿಯಲ್ಲಿ ಕೋಟೆ ಕಟ್ಟಿಕೊಂಡು ಕೂತಿದ್ದರು. ಉಳಿದದ್ದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಅರಳಿಕಟ್ಟೆಯ ಮೇಲೆ ಕೂತ ಅಜ್ಜನ ಬಾಯಲ್ಲಿ ಇನ್ನೂರು ವರ್ಷದ ಹಡಗು ವ್ಯಾಪಾರ ಇತ್ತು, ನಾವು ಅದನ್ನು ತಪ್ಪು ಉಚ್ಚಾರ ಅಂದುಕೊಂಡೆವು.

ಸಂಬಂಧ ಮುರಿದ ಮೇಲೆ ಕಂಡಕ್ಟರ ಹೆಂಡತಿ ಸುಮ್ಮನಿರಲಿಲ್ಲ. ಎಲ್ಲವನ್ನೂ ಎರಡು ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸಿದರು. ಗಾಜಿನ ಬೀರುವಿಗೆ ಸ್ಟೀಲ್ ತಟ್ಟೆ ಬಂದವು. ಆಯಮ್ಮನದು ತಪ್ಪೇ? ಮಗಳ ಮದುವೆ ಮುಂದೆ ಇಸ್ಪೀಟ್ ಎಲೆ ಯಾವ ಲೆಕ್ಕ? ಅದು ಸರಿಯೇ. ತಪ್ಪು ಎಲ್ಲಿದೆ ಎಂದರೆ, ಬೀರು ಕಂಡ ಕೂಡಲೇ ಮನೆಯವರ ನಡತೆ ತೂಗಿಬಿಟ್ಟ ನಮ್ಮ ಜಿಲ್ಲೆಯ ಕಣ್ಣಿನಲ್ಲಿದೆ.

ಆ ಕಣ್ಣು ಹೀಗಾಗಲು ಕಾರಣವಿಲ್ಲವೇ? ಇದೆ, ಬೇಕಾದಷ್ಟಿದೆ. ಯುಗಾದಿ ಬಂತೆಂದರೆ ಮಂಡ್ಯ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಬ್ಬದ ದಿನ ಬೇವು ಬೆಲ್ಲ, ಮಾರನೇ ದಿನ ಹೊಸತೊಡಕು, ಜೊತೆಗೆ ತೋಟದಲ್ಲಿ, ಪಂಪ್‌ಹೌಸ್ ಹಿಂದೆ, ಶಾಲೆಯ ಜಗಲಿಯ ಮೇಲೆ ಕಂಬಳಿ ಹಾಸಿ ಅಂದರ್ ಬಾಹರ್. "ವರ್ಷಕ್ಕೊಂದ್ ದಿನ, ಶಾಸ್ತ್ರಕ್ಕೆ" ಎಂದು ಕೂತವನು ಏಳುವ ಹೊತ್ತಿಗೆ ಕಬ್ಬಿನ ದುಡ್ಡು ಹೋಗಿರುತ್ತದೆ. ಬೈಕಿನ ಕೀಲಿ ಪಕ್ಕದವನ ಜೇಬಿನಲ್ಲಿರುತ್ತದೆ. ಹೆಂಡತಿಯ ಓಲೆ ಗಿರವಿ ಅಂಗಡಿ ಸೇರುತ್ತದೆ. ಇದನ್ನು ಸಂಪ್ರದಾಯ ಎಂದು ಸಮರ್ಥಿಸುವ ಪುಢಾರಿಗಳಿದ್ದಾರೆ. ಅವರ ಮನೆಯ ಓಲೆ ಹೋಗಿದ್ದರೆ ಗೊತ್ತಾಗುತ್ತಿತ್ತು, ಸಂಪ್ರದಾಯ ಎಷ್ಟು ಗ್ರಾಂ ತೂಗುತ್ತದೆ ಎಂದು.

ಆದ್ದರಿಂದ ಎಲೆ ಎಂದ ಕೂಡಲೇ ಹೆಂಗಸರು ಹಣೆ ಗಂಟಿಕ್ಕುವುದು ಸಹಜ. ಆದರೆ ಸಿಟ್ಟು ಯಾರ ಮೇಲೆ ಹೋಗಬೇಕೋ ಅವರ ಮೇಲೆ ಹೋಗುತ್ತಿಲ್ಲ ಎಂಬುದೇ ತಕರಾರು. 'ಮನರಂಜನಾ ಕೇಂದ್ರ' ಎಂದು ಬೋರ್ಡು ಹಾಕಿ ಒಳಗೆ ಟೇಬಲ್ಲಿಗಿಷ್ಟು ಎಂದು ಎತ್ತುವವನು ಊರಿನ ಗಣ್ಯ, ಜಾತ್ರೆಯ ದಾನಿ. ನೂರು ಪ್ಯಾಕು ಜೋಡಿಸಿಟ್ಟು ಧೂಳು ಒರೆಸುವವನು ಮಾತ್ರ ಇಸ್ಪೀಟ್ ಕುಳ!

ಕಾನೂನು ಕೂಡ ಇಷ್ಟು ಕುರುಡಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆ ನಡೆಸುವವನನ್ನು, ಅಲ್ಲಿ ಕೂತವನನ್ನು, ಬೀದಿಯಲ್ಲಿ ಪಣ ಕಟ್ಟಿ ಆಡುವವನನ್ನು ಹಿಡಿಯುತ್ತದೆ. ಮನೆಯ ಬೀರುವಿನಲ್ಲಿ ಎಲೆ ಇಟ್ಟುಕೊಳ್ಳುವುದೇ ಅಪರಾಧ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಆಂಧ್ರ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬುವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಹಿಡಿಯುವುದು ಬಿಡುವುದು ತಿಳಿದಿರಬೇಕು, ಅದು ಮುಖ್ಯವಾಗಿ ಜಾಣ್ಮೆಯ ಆಟ, ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ ಎಂದು ಐವತ್ತು ವರ್ಷಕ್ಕೂ ಹಿಂದೆ, 1968ರ ವರದಿಯಲ್ಲಿ ಬಂದ ತೀರ್ಪಿನಲ್ಲೇ ಹೇಳಿತು. ಆಟದ ಮನೆಯವನು ಅದರಿಂದ ಲಾಭ ಹೊಡೆದರೆ ಮಾತು ಬೇರೆ ಎಂದೂ ಅಲ್ಲೇ ಹೇಳಿತು. ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡಿಸುತ್ತಿದ್ದವರ ಮೇಲೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಕಾನೂನು ತಂದಿತು. ಬೇಡಿದ್ದು ಪಣ, ಎಲೆಯಲ್ಲ. ಅಷ್ಟೇಕೆ, ಜಿ.ಎಸ್.ಟಿ. ಪಟ್ಟಿಯಲ್ಲಿ ಇಸ್ಪೀಟ್ ಎಲೆ ಇರುವುದು ಚದುರಂಗದ ಹಲಗೆ, ಕೇರಂ ಹಲಗೆಯ ಜೊತೆ, ಒಂದೇ ಸಾಲಿನಲ್ಲಿ. ಅದೇ 2025ರ ಸೆಪ್ಟೆಂಬರಿನಲ್ಲಿ ಆ ಸಾಲಿನ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿಯಿತು. ಅಂಗಡಿಯವರಿಗೆ ಇದು ಗೊತ್ತಿದೆ. ಆದರೂ ಕೇರಂ ಹಲಗೆ ಬಾಗಿಲಲ್ಲಿ ನೇತಾಡುತ್ತದೆ, ಎಲೆ ಮಾತ್ರ ಗಲ್ಲದ ಅಡಿಯಲ್ಲಿ ಅಡಗಿರುತ್ತದೆ.

ಕಂಡಕ್ಟರು ಟ್ರಂಕು ಅಟ್ಟಕ್ಕೇರಿದ ಮೇಲೂ ಚಟ ಬಿಟ್ಟಿಲ್ಲ. ಅವರಿಗೆ ಒಂದು ಕೊರಗು. ಗೋವಾದ್ದಿದೆ, ಪಾಂಡಿಚೇರಿಯದ್ದಿದೆ, ಕಾಠ್ಮಂಡುವಿನದ್ದಿದೆ. ತಾವು ಹುಟ್ಟಿ ಬೆಳೆದ ಜಿಲ್ಲೆಯದ್ದೇ ಒಂದು ಪ್ಯಾಕು ಇಲ್ಲ. ಅದಕ್ಕೆಂದೇ ಒಂದು ದಿನ ಬೆಳಿಗ್ಗೆ ಹೊರಟು ಮೂರೂ ಊರು ಸುತ್ತಿದರು.

ಮಳವಳ್ಳಿಯಲ್ಲಿ ಅಂಗಡಿಯಾತ ಪರಿಚಯದವನೇ. ಮೆಲ್ಲಗೆ ಕೆಳಗೆ ಬಗ್ಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಪ್ಯಾಕು ಕೊಟ್ಟ, ಬ್ರಾಂದಿ ಕೊಟ್ಟ ಹಾಗೆ. ಬಿಚ್ಚಿ ನೋಡಿದರೆ ಎಲ್ಲ ಊರಿನಲ್ಲೂ ಸಿಗುವ ಮಾಮೂಲಿ ಮಾಲು. ಮದ್ದೂರಿನ ಬಸ್ ನಿಲ್ದಾಣದ ಹತ್ತಿರ ಕೇಳಿದ್ದಕ್ಕೆ "ನಮ್ಮೂರ ಚಿತ್ರ ಇರೋ ಎಲೆನಾ? ಚಿತ್ರ ಯಾತಕ್ಕೆ ಸಾ, ವಡೇನೇ ತಗಂಡ್ ಹೋಗಿ" ಎಂಬ ಉತ್ತರ ಬಂತು. ಮಂಡ್ಯದಲ್ಲಿ, ಪೇಟೆ ಬೀದಿಯ ಒಂದು ದೊಡ್ಡ ಅಂಗಡಿಯಲ್ಲಿ, ಇನ್ನೂ ಖಾರ: "ಹಬ್ಬಕ್ಕೆ ಇನ್ನೂ ಟೈಮಿದೆ ಯಜಮಾನ್ರೇ, ಈಗ್ಲೇ ಶುರುವಾ?" ನಿಂತಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಬಸ್ಸಿನಲ್ಲಿ ಇವರಿಂದಲೇ ಟಿಕೇಟು ಹರಿಸಿಕೊಂಡು ಓಡಾಡಿದ್ದ ಮುಖಗಳೂ ಅದರಲ್ಲಿದ್ದವು. ಚಿಲ್ಲರೆ ಎಣಿಸಿ ಐದು ಪೈಸೆ ತಪ್ಪದೆ ಕೊಟ್ಟ ಕೈ ಅದು ಎಂದು ಯಾರಿಗೂ ನೆನಪಾಗಲಿಲ್ಲ.

ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅದೂ ಇದೇ ಮಂಡ್ಯ ಜಿಲ್ಲೆ. ತಮಾಷೆ ಏನೆಂದರೆ, ನಾವು ಚೀಲದಲ್ಲಿ ಸುತ್ತಿ ಮಾರುವ ಈ ಎಲೆಯ ವಂಶದ ಅತಿ ಚೆಲುವಾದ ಕವಲು ಅರಳಿದ್ದೇ ನಮ್ಮ ಈ ಮೈಸೂರು ಸೀಮೆಯಲ್ಲಿ. ಅದರ ಹೆಸರು ಗಂಜೀಫಾ.

ಗಂಜೀಫಾ ಎಂದರೆ ದುಂಡಗಿನ ಎಲೆ. ಅಚ್ಚಿನದಲ್ಲ, ಒಂದೊಂದನ್ನೂ ಕೈಯಲ್ಲಿ ಬರೆಯಬೇಕು. ಪರ್ಷಿಯಾ ಕಡೆಯಿಂದ ಬಂದ ಆಟ, ಅಲ್ಲಿಯ ಮಾತಿನಲ್ಲಿ 'ಗಂಜ್' ಎಂದರೆ ಖಜಾನೆ. 1527ರಲ್ಲಿ ಮೊಗಲ್ ದೊರೆ ಬಾಬರ್ ಸಿಂಧ್ ಪ್ರಾಂತ್ಯದ ಶಾ ಹಸನ್ ಎಂಬುವನಿಗೆ ಈ ಎಲೆಗಳನ್ನು ಕಳಿಸಿಕೊಟ್ಟನೆಂದು ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಮೊಗಲರ ಆಟಕ್ಕೆ 96 ಎಲೆ. ನಮ್ಮವರು ಸುಮ್ಮನಿದ್ದಾರೆಯೇ? ದಶಾವತಾರ ಮಾಡಿದರು. ಮತ್ಸ್ಯ, ಕೂರ್ಮ, ವರಾಹ ಎಂದು ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಟ್ಟು 120 ಎಲೆ. ಹಗಲು ಆಡಿದರೆ ರಾಮನ ಎಲೆ ಹಿಡಿದವನು ಆಟ ಶುರುಮಾಡಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆಯವನು. ದೇವರ ಹೆಸರು ಹೇಳುತ್ತ ಹೇಳುತ್ತ ಆಡುವ ಆಟ. ಒಡಿಶಾದಲ್ಲಿ ಹಳೇ ಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ದುಂಡಗೆ ಕತ್ತರಿಸಿ ಎಲೆ ಮಾಡುತ್ತಾರೆ. ಅರಮನೆಗಳಿಗೆ ದಂತದ್ದು, ಆಮೆ ಚಿಪ್ಪಿನದ್ದು ಮಾಡಿಕೊಟ್ಟದ್ದೂ ಉಂಟು.

ಇದನ್ನೆಲ್ಲ ಮೀರಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಕೂತವರು, 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ ಮೇಲೆ ಕೈಯಲ್ಲಿ ಕಾಲ ಬೇಕಾದಷ್ಟಿತ್ತು. ಆ ಕಾಲವನ್ನು ಅವರು ಪುಸ್ತಕಕ್ಕೆ, ಚಿತ್ರಕ್ಕೆ, ಆಟಕ್ಕೆ ಸುರಿದರು. 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಗ್ರಂಥದ 'ಕೌತುಕನಿಧಿ' ಎಂಬ ಭಾಗದಲ್ಲಿ ಹದಿಮೂರು ಬಗೆಯ ಎಲೆಯಾಟಗಳ ವಿವರವಿದೆ. ಇವಕ್ಕೆ 'ಛದ' ಎಂದು ಹೆಸರು. ನಮ್ಮ ಪ್ಯಾಕಿನಲ್ಲಿ ಬಣ್ಣಕ್ಕೆ ರಾಜ, ರಾಣಿ, ಗುಲಾಮ ಮೂರೇ ಮುಖ. ಅವರ ಛದದಲ್ಲಿ ಸಾಮಾನ್ಯವಾಗಿ ಬಣ್ಣಕ್ಕೆ ಹನ್ನೆರಡು ಅಂಕಿ ಎಲೆ, ಆರು ಮುಖದ ಎಲೆ. ಒಂದು ಕಟ್ಟಿನಲ್ಲಿ 360 ಎಲೆಗಳವರೆಗೂ ಇದ್ದವು! ಕಲೆಸಲು ಎರಡು ಕೈ ಸಾಲದು, ಮೊರ ಬೇಕು. ಹೀಗಾಗಿ ಆ ಆಟ ಅರಮನೆಯ ಹೊಸಿಲು ದಾಟಿ ಬೀದಿಗೆ ಬರಲೇ ಇಲ್ಲ. ಬಂದಿದ್ದರೆ ಯುಗಾದಿಯ ಕಂಬಳಿ ಸಾಲುತ್ತಿರಲಿಲ್ಲ.

ನಾವು ಮರೆತದ್ದನ್ನು ನೆನಪಿಟ್ಟುಕೊಂಡವನು ಯಾರು? ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನಿಯವ. 1933ರಲ್ಲಿ ಬೊಂಬಾಯಿಗೆ ಬಂದು ನೆಲೆಸಿದ, ಚಿತ್ರಕಲೆಯ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದ. ಅವನಿಗೆ ಹಿಡಿದದ್ದೂ ನಮ್ಮ ಕಂಡಕ್ಟರ ರೋಗವೇ. ದೇಶದ ಮೂಲೆ ಮೂಲೆಯ ಗಂಜೀಫಾ ಎಲೆ ಹುಡುಕಿ, ಕೊಂಡು, ಆಟದ ಕ್ರಮ ಕೇಳಿ ಬರೆದುಕೊಂಡ. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಭಾರತದ ಎಲೆಗಳ ಪ್ರದರ್ಶನವಾದಾಗ ಅದರ ಪುಸ್ತಕ ಬರೆದವನು ಇವನೇ. ಮೈಸೂರಿನ ಛದದ ಮೇಲೂ ಬೇರೆ ಬರೆದ. ಲೇಡನ್ ಸಾಹೇಬನ ಮನೆಗೆ ಹೆಣ್ಣು ನೋಡಲು ಮಳವಳ್ಳಿಯ ಸೋದರಮಾವ ಹೋಗಿರಲಿಲ್ಲ, ಅದು ನಮ್ಮ ಪುಣ್ಯ.

ಬರೆಯುವವರ ಕೈ ನಿಂತುಹೋಗಿದ್ದ ಮೈಸೂರು ಗಂಜೀಫಾಕ್ಕೆ ಮತ್ತೆ ಜೀವ ಬರಿಸಿದವರು ಉಡುಪಿ ಕಡೆಯ ರಘುಪತಿ ಭಟ್ಟರು. ಊರಿನ ಹೆಸರಲ್ಲ, ಎಲೆಯ ಹೆಸರೇ ಅವರ ಹೆಸರಿನ ಮುಂದೆ ನಿಂತಿತು, 'ಗಂಜೀಫಾ ರಘುಪತಿ ಭಟ್' ಎಂದು. ಶ್ರೀರಂಗಪಟ್ಟಣದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಮಾಡಿದರು. ಮುಂದೆ ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು, ಮೈಸೂರು ರೇಷ್ಮೆಗೆ, ನಂಜನಗೂಡು ರಸಬಾಳೆಗೆ ಸಿಕ್ಕ ಹಾಗೆ. ಇಷ್ಟಾದರೂ ಮಂಡ್ಯ ಬಸ್ ನಿಲ್ದಾಣದಲ್ಲಿ ಹತ್ತು ಜನರನ್ನು ನಿಲ್ಲಿಸಿ ಗಂಜೀಫಾ ಎಂದರೇನು ಎಂದು ಕೇಳಿ. "ಹೊಸ ಹೋಟ್ಲಾ?" ಎನ್ನದಿದ್ದರೆ ಹೇಳಿ.

ನೆರೆಯ ಮಹಾರಾಷ್ಟ್ರದ ಸಾವಂತವಾಡಿ ನಮ್ಮ ಮದ್ದೂರಿನ ಹಾಗೆ ಸಣ್ಣ ಊರು. ಅಲ್ಲಿಯೂ ಈ ಕಲೆ ಸಾಯುವ ಹಂತಕ್ಕೆ ಬಂದಿತ್ತು. ರಾಜಮನೆತನದ ಶಿವರಾಮರಾಜೆ ಭೋಂಸ್ಲೆ, ರಾಣಿ ಸತ್ವಶೀಲಾದೇವಿ ಅರಮನೆಯಲ್ಲೇ ಕಲಾವಿದರನ್ನು ಕೂರಿಸಿ ಎಲೆ ಬರೆಸಿದರು. ಇವತ್ತು ಗೋವಾಕ್ಕೆ ಹೋಗುವವರು ದಾರಿ ಮಾಡಿಕೊಂಡು ಅಲ್ಲಿಗೆ ಹೋಗಿ ಎಲೆ ಕೊಳ್ಳುತ್ತಾರೆ. ಅಲ್ಲಿ ಎಲೆ ಕೊಂಡವನನ್ನು ಯಾರೂ ಜೂಜುಕೋರ ಎನ್ನುವುದಿಲ್ಲ.

ಈಗ ಅಂಗಡಿಯವರ ಮಾತಿಗೆ ಬರೋಣ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನ ಮಂತ್ರಿಗಳು ಹೊಸ ಹೆದ್ದಾರಿ ಉದ್ಘಾಟಿಸಿದರು. ಬೆಂಗಳೂರಿನಿಂದ ಹೊರಟ ಕಾರು ಮದ್ದೂರು, ಮಂಡ್ಯ ಎರಡನ್ನೂ ಪಕ್ಕಕ್ಕೆ ಬಿಟ್ಟು ಮೈಸೂರು ಸೇರುತ್ತದೆ. ಹಳೇ ರಸ್ತೆಯ ಹೋಟೆಲು, ಬೇಕರಿ, ಎಳನೀರು ಅಂಗಡಿಯವರು ಅಂದಿನಿಂದ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಪ್ರಯಾಣಿಕ ತಾನಾಗಿ ಊರೊಳಕ್ಕೆ ಬರುವ ಕಾಲ ಮುಗಿಯಿತು, ಇನ್ನು ಅವನನ್ನು ಕರೆಯಬೇಕು. ಕರೆಯಲಿಕ್ಕೆ ನಮ್ಮ ಹತ್ತಿರ ಏನಿದೆ? ರೈಲಿನವರಿಗೆಂದು ಹುಟ್ಟಿದ ಒಂದು ವಡೆ ಮದ್ದೂರಿನ ಹೆಸರನ್ನು ಎಲ್ಲೆಲ್ಲಿಗೋ ಹೊತ್ತುಕೊಂಡು ಹೋಯಿತು, ನಿಜ. ಆದರೆ ವಡೆ ಹೊಟ್ಟೆಗೆ ಹೋದರೆ ಮುಗಿಯಿತು. ಮಂಡ್ಯದ ಬೆಲ್ಲವೂ ಅಷ್ಟೆ. ಮನೆಗೆ ಒಯ್ದು ಹತ್ತು ವರ್ಷ ಇಟ್ಟುಕೊಳ್ಳುವ, "ಇದು ಮಂಡ್ಯದಲ್ಲಿ ತಂದದ್ದು" ಎಂದು ತೋರಿಸುವ ಒಂದು ಸಾಮಾನು ಈ ಮೂರು ಊರಿನ ಯಾವ ಅಂಗಡಿಯಲ್ಲಿ ನೇತಾಡುತ್ತಿದೆ? ಗಗನಚುಕ್ಕಿಗೆ ಹೋದರೆ ಚುರುಮುರಿ ಸಿಗುತ್ತದೆ, ಬೇಯಿಸಿದ ಜೋಳ ಸಿಗುತ್ತದೆ, ಚೀನಾದ ಪೀಪಿ ಸಿಗುತ್ತದೆ.

ಕೈಯಲ್ಲಿ ಬರೆದ ಗಂಜೀಫಾ ದುಬಾರಿ, ಎಲ್ಲರ ಕೈಗೆಟುಕುವುದಿಲ್ಲ. ಅದು ಇರಬೇಕಾದ ಕಡೆ ಇರಲಿ. ಅಚ್ಚಿನ ಐವತ್ನಾಲ್ಕು ಎಲೆಗೆ ಏನು ಅಡ್ಡಿ? ಪಟಾಕಿ ಲೇಬಲ್ಲು, ಕ್ಯಾಲೆಂಡರು ಶಿವಕಾಶಿಯಿಂದ ತರಿಸುವ ನಮ್ಮ ವರ್ತಕರಿಗೆ ಇದೇನು ದೊಡ್ಡ ಕೆಲಸವೇ? ಐವತ್ನಾಲ್ಕು ಚಿತ್ರ ಹೊಂದಿಸಲು ಈ ಜಿಲ್ಲೆಯಲ್ಲಿ ಕಷ್ಟವಿಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರದ ವಿದ್ಯುದಾಗಾರವಿದೆ. 1938ರಲ್ಲಿ ಧ್ವಜ ಹಾರಿಸಿದ ಶಿವಪುರದ ಸೌಧವಿದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಮೇಲುಕೋಟೆಯ ಕಲ್ಯಾಣಿ, ಮುತ್ತತ್ತಿಯ ಕಾಡು, ಹೊಸಹೊಳಲಿನ ಗುಡಿ, ಮೈಷುಗರ್ ಚಿಮಣಿ, ಆಲೆಮನೆಯ ಕೊಪ್ಪರಿಗೆ. ನಾಲ್ಕು ಬಣ್ಣಕ್ಕೆ ನಾಲ್ಕು ನದಿ ಎಂದರೆ ಒಂದು ಹೆಚ್ಚೇ ಆಗುತ್ತದೆ. ಕಾವೇರಿ, ಹೇಮಾವತಿ, ಶಿಂಷಾ, ಲೋಕಪಾವನಿ, ವೀರವೈಷ್ಣವಿ, ನಮ್ಮಲ್ಲಿ ಐದಿವೆ. ಉಳಿದ ಒಂದನ್ನು ಜೋಕರ್ ಮಾಡಬಹುದು. ಯಾವುದನ್ನು ಎಂಬುದನ್ನು ತಾಲ್ಲೂಕಿನವರು ಜಗಳವಾಡಿ ತೀರ್ಮಾನಿಸಲಿ. ರಾಜನ ಎಲೆಗೆ ಮಾತ್ರ ಮನುಷ್ಯರ ಮುಖ ಹಾಕಬೇಡಿ. ಯಾರು ರಾಜ, ಯಾರು ಗುಲಾಮ ಎಂದು ಮೂರು ಪಕ್ಷದವರೂ ಅಂಗಡಿ ಮುಂದೆ ಧರಣಿ ಕೂತಾರು!

ಇದಕ್ಕೆ ಇಲಾಖೆ, ಅನುದಾನ, ಸಮಿತಿ ಎಂದು ಕಾಯಬೇಕಾಗಿಲ್ಲ. ಸಮಿತಿಯಾದರೆ ಎಲೆ ಬರುವ ಹೊತ್ತಿಗೆ ಶಿಂಷಾದಲ್ಲಿ ಎಷ್ಟು ನೀರು ಹರಿದಿರುತ್ತದೋ! ನಾಲ್ಕು ಅಂಗಡಿಯವರು ಸೇರಿ ದುಡ್ಡು ಹಾಕಿದರೆ ಆಗುವ ಮಾತು. ಮಾಡಬೇಕಾದದ್ದು ಅದಕ್ಕಿಂತ ಮೊದಲು ಒಂದಿದೆ: ಗಲ್ಲದ ಕೆಳಗಿನ ಪ್ಯಾಕು ಮೇಲೆ ಬರಬೇಕು. ಯಾವುದನ್ನು ಕದ್ದು ಮಾರುತ್ತೇವೋ ಅದನ್ನು ಕೊಂಡವನು ಕದ್ದು ಆಡುತ್ತಾನೆ. ಹಗಲು ಬೆಳಕಿನಲ್ಲಿ, ಮಕ್ಕಳ ಚದುರಂಗದ ಪಕ್ಕ ತೂಗುಹಾಕಿದ ಎಲೆಯನ್ನು ಮನೆಯವರು ಕೂತು 'ಕತ್ತೆ' ಆಡಲಿಕ್ಕೂ ಒಯ್ಯಬಹುದು, ಬೀರುವಿನಲ್ಲಿ ಇಡಲಿಕ್ಕೂ ಒಯ್ಯಬಹುದು. ಇದರಿಂದ ಜೂಜು ಹೆಚ್ಚಾಗುತ್ತದೆ ಎನ್ನುವವರಿಗೆ ಒಂದು ಪ್ರಶ್ನೆ. ಇಷ್ಟು ವರ್ಷ ಬಚ್ಚಿಟ್ಟು ಮಾರಿದ್ದರಿಂದ ಯಾವ ಹಳ್ಳಿಯ ಕಂಬಳಿ ಮಡಿಸಲ್ಪಟ್ಟಿತು?

ಪೊಲೀಸಿನವರೂ ಹಬ್ಬದ ಮುಂಚೆ ಎಚ್ಚರಿಕೆ ಕೊಟ್ಟು, ಹಬ್ಬದ ದಿನ ನಾಲ್ಕು ಕೂಲಿಯವರನ್ನು ಹಿಡಿದು, ಮುಂದೆ ಎಲೆ ಹರಡಿ ಫೋಟೋ ತೆಗೆಸುವ ಬದಲು ಬೋರ್ಡು ಹಾಕಿದ ಮನೆಗಳ ಬಾಗಿಲು ತಟ್ಟಲಿ. ಹೆಂಗಸರ ಹಣೆಯ ಗಂಟು ಆಗ ತಾನಾಗಿ ಸಡಿಲವಾದೀತು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯದಿಂದ ಬೆಂಗಳೂರಿನವರೆಗೆ ಮೊಣಕಾಲ ಮೇಲೆ ಟವೆಲ್ ಹಾಸಿ ದುಡ್ಡಿಲ್ಲದೆ ರಮ್ಮಿ ಹಾಕುವ ಪಾಸಿನವರಿದ್ದಾರೆ. ಅವರ ಗದ್ದಲ ಸ್ವಲ್ಪ ಜಾಸ್ತಿ, ಬೇರೆಯವರಿಗೆ ಜಾಗ ಬಿಡುವುದೂ ಕಮ್ಮಿ. ಅದು ಬೇರೆ ತಕರಾರು, ಇನ್ನೊಂದು ದಿನ ನೋಡೋಣ.

ಕಂಡಕ್ಟರ ಮಗಳ ವಿಷಯ. ಬನ್ನೂರು ಕಡೆಯ ಒಂದು ಸಂಬಂಧ ಬಂದಿದೆ, ಮಾತುಕತೆ ನಡೆದಿದೆ. ಟ್ರಂಕು ಅಟ್ಟದ ಮೇಲೆಯೇ ಇವೆ. ಆದರೆ ಈ ಸಲ ಹುಡುಗಿಯೇ ಹಟ ಹಿಡಿದಿದ್ದಾಳಂತೆ. ಗಂಡಿನ ಕಡೆಯವರು ಬರುವ ದಿನ ಎಲ್ಲವನ್ನೂ ಇಳಿಸಿ ಮೊದಲಿನ ಹಾಗೆ ಜೋಡಿಸಬೇಕು, ಬಚ್ಚಿಟ್ಟು ಮದುವೆಯಾಗಿ ನಾಳೆ ಗೊತ್ತಾದರೆ ಆಮೇಲೆ ಯಾರು ಉತ್ತರ ಹೇಳುವುದು ಎಂದು. ತಾಯಿ ಇನ್ನೂ ಒಪ್ಪಿಲ್ಲ.

ಕಂಡಕ್ಟರು ಈ ಜಗಳಕ್ಕೆ ತಲೆ ಹಾಕಿಲ್ಲ. ಹೋದ ವಾರ ಮದ್ದೂರಿನಲ್ಲಿ ಇಳಿದು, ವಡೆ ತಗೊಂಡು ಹೋಗಿ ಎಂದ ಅದೇ ಅಂಗಡಿಯವನ ಕೈಯಲ್ಲಿ ನೂರು ರೂಪಾಯಿ ಇಟ್ಟು 'ಯಾರಾದ್ರೂ ಯಾವತ್ತಾದ್ರೂ ನಮ್ಮೂರ ಎಲೆ ಅಚ್ಚು ಹಾಕಿಸಿದ್ರೆ ಮೊದಲನೇ ಪ್ಯಾಕು ನನಗೇ' ಎಂದು ಹೇಳಿ ಮಳವಳ್ಳಿ ಬಸ್ಸು ಹತ್ತಿದರು. ಅಂಗಡಿಯವನು ಆ ನೋಟನ್ನು ಗಲ್ಲಕ್ಕೆ ಹಾಕಿಲ್ಲ. ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ಬಂದ ಗಿರಾಕಿಗೆಲ್ಲ ಅಚ್ಚಿಗೆ ಎಷ್ಟಾಗಬಹುದು ಎಂದು ಕೇಳುತ್ತಿದ್ದಾನೆ.